ಒಂದು ಅಗುಳು ಯಾವಾಗ ಸಾಕು? ಮಾದರಿ ನೋಡಿ ತೀರ್ಮಾನಕ್ಕೆ ಬರುವ ಕ್ರಮ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಸಂಸ್ಕೃತದಲ್ಲಿ ಇದಕ್ಕೆ ಸ್ಥಾಲೀಪುಲಾಕ ನ್ಯಾಯ ಎಂಬ ಹೆಸರೇ ಇದೆ: ಸ್ಥಾಲಿ ಎಂದರೆ ಪಾತ್ರೆ, ಪುಲಾಕ ಎಂದರೆ ಅಗುಳು. ಕಂಡ ಕೆಲವನ್ನು ನೋಡಿ ಕಾಣದ ಎಲ್ಲದರ ಬಗ್ಗೆ ಹೇಳುವುದಕ್ಕೆ, ಅಂದರೆ ಅನುಗಮನ ತರ್ಕಕ್ಕೆ, ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು.

ಆದರೆ ಅದೇ ಕೈ ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಕ್ರೇಟಿನ ಮೇಲಿನ ನಾಲ್ಕು ಹಣ್ಣು ಒತ್ತಿ ನೋಡಿ ಇಡೀ ಲೋಡಿಗೆ ಬೆಲೆ ಕಟ್ಟಿದರೆ ಪೆಟ್ಟು ತಿನ್ನುತ್ತದೆ. ಅನ್ನದ ಪಾತ್ರೆಯಲ್ಲಿ ಕುದಿಯುವ ನೀರು ಅಕ್ಕಿಯನ್ನು ಮೇಲೆ ಕೆಳಗೆ ಮಾಡಿರುತ್ತದೆ. ಸೌದೆ ಒಲೆಯ ದೊಡ್ಡ ಪಾತ್ರೆಯಾದರೆ ಅಡುಗೆಯವರು ಮೊದಲು ಸೌಟು ಆಡಿಸಿ, ಆಮೇಲೆ ಅಗುಳು ತೆಗೆಯುತ್ತಾರೆ. ಕ್ರೇಟನ್ನು ಯಾರೂ ಕಲಕಿರುವುದಿಲ್ಲ, ಒಬ್ಬರು ಕೂತು ಜೋಡಿಸಿರುತ್ತಾರೆ. ಹೊಲ, ಊರು, ಬೋರ್‌ವೆಲ್ ಯಾವುದೂ ತಾನಾಗಿ ಕಲೆತಿರುವುದಿಲ್ಲ. ಕಲಕುವ ಕೆಲಸವನ್ನು ನಾವೇ ಮಾಡಬೇಕು. ಈ ಮಾರ್ಗದರ್ಶಿಯ ಬಹುಪಾಲು ಅದನ್ನು ಮಾಡುವುದು ಹೇಗೆ ಎಂಬುದರ ಬಗ್ಗೆಯೇ ಇದೆ.

ಮೊದಲು: ಯಾವ ಪಾತ್ರೆಯ ಮಾತು ಎಂದು ಬರೆದಿಡಿ

ಮಾದರಿ ತೆಗೆಯುವ ಮುನ್ನ ಒಂದು ಹಾಳೆಯಲ್ಲಿ ಒಂದೇ ವಾಕ್ಯ ಬರೆಯಿರಿ. ಯಾವುದರ ಬಗ್ಗೆ, ಯಾವ ಜಾಗದಲ್ಲಿ, ಯಾವ ಕಾಲದಲ್ಲಿ, ಏನನ್ನು ತಿಳಿಯಬೇಕು? "ನಮ್ಮ ಕಡೆ ನೀರು ಕೆಟ್ಟಿದೆ" ಎಂದರೆ ಪರೀಕ್ಷಿಸಲು ಬರುವುದಿಲ್ಲ. "ಈ ಗ್ರಾಮ ಪಂಚಾಯಿತಿಯಲ್ಲಿ ಈ ಬೇಸಿಗೆ ಕುಡಿಯಲು ಬಳಸುತ್ತಿರುವ ಬೋರ್‌ವೆಲ್‌ಗಳಲ್ಲಿ ಎಷ್ಟರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದೆ" ಎಂದರೆ ಬರುತ್ತದೆ. (ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಇರಬೇಕಾದ ಮಿತಿ 1.0. ಬೇರೆ ನೀರಿನ ಮೂಲ ಇಲ್ಲದಿದ್ದಾಗ ಸಹಿಸಬಹುದಾದ ಮಿತಿ 1.5.)

ವಾಕ್ಯ ಬರೆದ ಕೂಡಲೇ ಕೈಯಲ್ಲಿ ಪಟ್ಟಿ ಬೇಕು ಎಂಬುದು ಗೊತ್ತಾಗುತ್ತದೆ. ಆ ಪಂಚಾಯಿತಿಯಲ್ಲಿ ಎಷ್ಟು ಬೋರ್‌ವೆಲ್ ಇವೆ, ಎಲ್ಲೆಲ್ಲಿವೆ? ಪಟ್ಟಿಯಲ್ಲಿ ಬಿಟ್ಟುಹೋದದ್ದು ಮಾದರಿಗೆ ಎಂದೂ ಬರುವುದಿಲ್ಲ, ಹಾಗಾಗಿ ತಪ್ಪುಗಳು ಇಲ್ಲಿಂದಲೇ ಶುರುವಾಗುತ್ತವೆ. ಬೆಳಿಗ್ಗೆ ಆರಕ್ಕೆ ಡೇರಿ ಮುಂದೆ ನಿಂತು ಊರಿನ ಮನೆಗಳ ಆದಾಯ ಕೇಳಿದರೆ ಹಸು ಇರುವವರಷ್ಟೇ ಸಿಗುತ್ತಾರೆ. ಊರಿನ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಸ್ಮಾರ್ಟ್‌ಫೋನ್ ಇದ್ದು, ಬಿಡುವೂ ಇದ್ದು, ವಿಷಯದ ಬಗ್ಗೆ ಸಿಟ್ಟೋ ಉತ್ಸಾಹವೋ ಇರುವವರು ಮಾತ್ರ ಉತ್ತರಿಸುತ್ತಾರೆ.

ಅಮೆರಿಕದಲ್ಲಿ 1936ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಎಂಬ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಚೀಟಿ ಕಳಿಸಿತು, 20 ಲಕ್ಷಕ್ಕೂ ಹೆಚ್ಚು ಮರಳಿ ಬಂದವು. ಅವನ್ನು ಎಣಿಸಿ ಲ್ಯಾಂಡನ್ ಎಂಬ ಅಭ್ಯರ್ಥಿ ಗೆಲ್ಲುತ್ತಾರೆ ಎಂದಿತು. ಗೆದ್ದವರು ರೂಸ್‌ವೆಲ್ಟ್, ಅದೂ ಭಾರಿ ಅಂತರದಿಂದ. ಪತ್ರಿಕೆಯ ವಿಳಾಸಗಳು ಬಂದದ್ದು ಟೆಲಿಫೋನ್ ಮತ್ತು ಕಾರು ನೋಂದಣಿಯಂಥ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ಕಾಲದಲ್ಲಿ ಬಡವರು ಆ ಪಟ್ಟಿಗಳಲ್ಲಿ ಎಲ್ಲಿರಬೇಕು? ಜೊತೆಗೆ, ಚೀಟಿ ಬಂದವರಲ್ಲೂ ಉತ್ತರ ಕಳಿಸುವ ಮನಸ್ಸು ಮಾಡಿದವರು ಒಂದು ಬಗೆಯವರೇ ಆಗಿದ್ದರು. ಒಂದೇ ಕಡೆ ವಾಲಿದ ತಕ್ಕಡಿಯಲ್ಲಿ 20 ಲಕ್ಷ ಸಲ ತೂಗಿದರೂ ತೂಕ ಸರಿಹೋಗುವುದಿಲ್ಲ.

ಎರಡನೆಯದು: ಆಯ್ಕೆಯನ್ನು ಕೈಯಿಂದ ಕಿತ್ತು ಚೀಟಿಗೆ ಕೊಡಿ

ಪಟ್ಟಿ ಸಿದ್ಧವಾದ ಮೇಲೆ ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು ಚೀಟಿ ಎತ್ತಿ. ಚೀಟಿ ಹೆಚ್ಚಾದರೆ ಫೋನಿನಲ್ಲಿ ಯಾದೃಚ್ಛಿಕ ಸಂಖ್ಯೆ ಕೊಡುವ ಆ್ಯಪ್ ಬಳಸಿ. "ಕಣ್ಣಿಗೆ ಬಿದ್ದದ್ದನ್ನು ತೆಗೆದುಕೊಂಡೆ" ಎಂಬುದು ಯಾದೃಚ್ಛಿಕ ಆಯ್ಕೆ ಅಲ್ಲ, ಏಕೆಂದರೆ ಕಣ್ಣಿಗೆ ಅದರದೇ ಒಲವು ಇರುತ್ತದೆ.

ಇದು ಎಷ್ಟು ಮುಖ್ಯ ಎಂಬುದನ್ನು ರಾಗಿ ಹೊಲದಲ್ಲಿ ನಡೆಯುವ ಬೆಳೆ ಕಟಾವು ಪ್ರಯೋಗದಲ್ಲಿ (ಹೊಲದ ಒಂದು ಚಿಕ್ಕ ಚೌಕ ಕೊಯ್ದು, ತೂಗಿ, ಇಡೀ ಹೊಲದ ಇಳುವರಿ ಅಂದಾಜು ಮಾಡುವುದು) ಹತ್ತಿರದಿಂದ ನೋಡಬಹುದು. ಬೆಳೆ ವಿಮೆಯ ಲೆಕ್ಕ ನಿಲ್ಲುವುದೂ ಇದರ ಮೇಲೆಯೇ. ಹೊಲ 62 ಮೀಟರ್ ಉದ್ದ, 40 ಮೀಟರ್ ಅಗಲ ಎಂದಿಟ್ಟುಕೊಳ್ಳಿ, ಸುಮಾರು ಇಪ್ಪತ್ತನಾಲ್ಕೂವರೆ ಗುಂಟೆ. ಕೊಯ್ಯಬೇಕಾದ ಚೌಕ 5 ಮೀಟರಿಗೆ 5 ಮೀಟರ್. ಚೌಕ ಹೊಲದಿಂದ ಆಚೆ ಹೋಗದಂತೆ ಎರಡೂ ಅಳತೆಯಿಂದ 5 ಕಳೆಯಿರಿ: 57 ಮತ್ತು 35. ಸೊನ್ನೆಯಿಂದ 57ರೊಳಗೆ ಒಂದು, ಸೊನ್ನೆಯಿಂದ 35ರೊಳಗೆ ಒಂದು ಸಂಖ್ಯೆಯನ್ನು ಯಾದೃಚ್ಛಿಕವಾಗಿ ತೆಗೆಯಿರಿ. 23 ಮತ್ತು 11 ಬಂದವು ಎನ್ನೋಣ. ಹೊಲದ ನೈಋತ್ಯ ಮೂಲೆಯಿಂದ ಉದ್ದಕ್ಕೆ 23 ಮೀಟರ್, ಅಲ್ಲಿಂದ ಅಗಲಕ್ಕೆ 11 ಮೀಟರ್ ನಡೆದು ಗೂಟ ಹೊಡೆಯಿರಿ. ಅದು ಚೌಕದ ಮೊದಲ ಮೂಲೆ. ಉಳಿದ ಮೂರು ಗೂಟ ಹೊಡೆದು ಹಗ್ಗ ಬಿಗಿದ ಮೇಲೆ ಎರಡೂ ಕರ್ಣ ಅಳೆಯಿರಿ. ಎರಡೂ 7.07 ಮೀಟರ್ ಬರಬೇಕು. ಒಂದು 7.3, ಇನ್ನೊಂದು 6.8 ಬಂದರೆ ಚೌಕ ಓರೆಯಾಗಿದೆ, ಗೂಟ ಸರಿಪಡಿಸಿ.

ಇಲ್ಲಿಯೇ ಒಂದು ಮಾತು ಬರುತ್ತದೆ: "ಇಲ್ಲಿ ಪೈರು ಸೊರಗಿದೆ ಸಾರ್, ಒಂದೆರಡು ಹೆಜ್ಜೆ ಪಕ್ಕಕ್ಕೆ ಹಾಕೋಣ." ಹಾಕಬಾರದು. ಸೊರಗಿದ ಜಾಗವೂ ಆ ಹೊಲದ್ದೇ. ಅಕ್ಕಡಿ ಸಾಲಿನ ಅವರೆ, ತೊಗರಿ ಚೌಕದೊಳಗೆ ಬಂದರೂ ಚೌಕ ಸರಿಸಬೇಡಿ. ವಿಮೆ ಬರಲಿ ಎಂದು ಸೊರಗಿದ ಕಡೆಗೆ ಎಳೆಯುವುದೂ, ಇಳುವರಿ ಚೆನ್ನಾಗಿ ಕಾಣಲಿ ಎಂದು ಸೊಂಪಾದ ಕಡೆಗೆ ಎಳೆಯುವುದೂ ಒಂದೇ ಬಗೆಯ ತಪ್ಪು. ಎರಡು ಹೆಜ್ಜೆ ಸರಿಸಿದ ಕ್ಷಣದಿಂದ ಆ ಅಂಕಿ ಹೊಲದ ಬಗ್ಗೆ ಮಾತಾಡುವುದನ್ನು ನಿಲ್ಲಿಸಿ, ಸರಿಸಿದವರ ಆಸೆಯ ಬಗ್ಗೆ ಮಾತಾಡುತ್ತದೆ.

ಹಗ್ಗದ ಮೇಲೆಯೇ ಬರುವ ಗಿಡಗಳಿಗೂ ಮೊದಲೇ ನಿಯಮ ಇರಬೇಕು: ಬುಡ ಒಳಗಿದ್ದರೆ ಕೊಯ್ಯಿರಿ, ಹೊರಗಿದ್ದರೆ ಬಿಡಿ. ತೆನೆ ಎತ್ತ ವಾಲಿದೆ ಎಂಬುದು ಲೆಕ್ಕಕ್ಕಿಲ್ಲ. ನಿಯಮ ಇಲ್ಲದಿದ್ದರೆ ಕುಡುಗೋಲು ಹಿಡಿದ ಕೈ ಅಂಚಿನ ಒಳ್ಳೆ ತೆನೆಯನ್ನು ಒಳಗೆ ಸೇರಿಸಿಕೊಳ್ಳುತ್ತದೆ. ಬಂಗಾಳದ ಸೆಣಬಿನ ಬೆಳೆ ಸಮೀಕ್ಷೆಯಿಂದ ಹೆಸರಾದ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಮತ್ತು ಬೆಳೆ ಕಟಾವು ವಿಧಾನವನ್ನು ರೂಪಿಸಿದ ಪಿ.ವಿ. ಸುಖಾತ್ಮೆ ಅವರ ಕಾಲದಲ್ಲೇ ಚಿಕ್ಕ ಚೌಕಗಳು ಇಳುವರಿಯನ್ನು ಹೆಚ್ಚಾಗಿ ತೋರಿಸುತ್ತವೆ ಎಂಬುದು ಗೊತ್ತಾಗಿತ್ತು. ಕಾರಣ ಸರಳ. 1 ಮೀಟರ್ ಚೌಕದಲ್ಲಿ ಪ್ರತಿ ಚದರ ಮೀಟರಿಗೆ 4 ಮೀಟರ್ ಅಂಚು ಇರುತ್ತದೆ, 5 ಮೀಟರ್ ಚೌಕದಲ್ಲಿ 0.8 ಮೀಟರ್ ಮಾತ್ರ. ಅಂಚು ಹೆಚ್ಚಿದಷ್ಟೂ ಅಂಚಿನ ತಪ್ಪು ಹೆಚ್ಚು.

ಬಡಿದು, ತೂರಿ, ತೂಗಿ, ಒಣಗಿಸಿ ಮತ್ತೆ ತೂಗಬೇಕು. ಹಸಿ ತೂಕವನ್ನೇ ಬರೆದರೆ ತೇವಾಂಶವೂ ಇಳುವರಿಯಾಗಿಬಿಡುತ್ತದೆ. 25 ಚದರ ಮೀಟರಿನ ಅಂಕಿಯನ್ನು ಹೆಕ್ಟೇರಿಗೆ ತರಲು 400ರಿಂದ ಗುಣಿಸುತ್ತೇವೆ. ಒಣರಾಗಿ 4.5 ಕಿಲೋ ಬಂದರೆ ಹೆಕ್ಟೇರಿಗೆ 18 ಕ್ವಿಂಟಾಲ್. ತಕ್ಕಡಿಯಲ್ಲಿ 100 ಗ್ರಾಂ ತಪ್ಪಿದರೆ ಹೆಕ್ಟೇರಿಗೆ 40 ಕಿಲೋ ತಪ್ಪು. ಹಗ್ಗ, ಗೂಟ, ಗ್ರಾಮಿನಲ್ಲಿ ಇಷ್ಟು ಬಿಗಿ ಬೇಕಾಗಿರುವುದು ಇದಕ್ಕೇ.

ಚೀಟಿಯ ಬದಲು "ಪ್ರತಿ ಇಷ್ಟನೆಯದು" ಎಂಬ ಕ್ರಮವೂ ಆಗುತ್ತದೆ, ಆದರೆ ಅದರಲ್ಲೊಂದು ಗುಂಡಿ ಇದೆ. 15 ಕಿಲೋದ 120 ಕ್ರೇಟ್ ಟೊಮೆಟೊ, ಆರಾರು ಎತ್ತರಕ್ಕೆ ಜೋಡಿಸಿದ್ದಾರೆ. ಕೆಳಗಿನಿಂದ ಮೇಲೆ ಎಣಿಸುತ್ತಾ ಪ್ರತಿ ಆರನೆಯದನ್ನು ತೆಗೆದರೆ ಎಲ್ಲವೂ ಮೇಲಿನ ಸಾಲಿನವೇ ಬರುತ್ತವೆ, ಭಾರ ಹೊತ್ತು ನಜ್ಜಾದ ತಳದ ಕ್ರೇಟ್ ಒಂದೂ ಬರುವುದಿಲ್ಲ. ಏಳಕ್ಕೊಂದು ತೆಗೆಯಿರಿ. 1ರಿಂದ 7ರೊಳಗೆ ಚೀಟಿ ಎತ್ತಿ ಶುರುಮಾಡಿ. 3 ಬಂದರೆ 3, 10, 17 ಹೀಗೆ 115ರವರೆಗೆ 17 ಕ್ರೇಟ್. ಪ್ರತಿಯೊಂದರಲ್ಲೂ ಮೇಲಿನಿಂದ, ನಡುವಿನಿಂದ, ತಳದಿಂದ ನಾಲ್ಕು ನಾಲ್ಕು, ಒಟ್ಟು 204 ಹಣ್ಣು.

ಬೆರೆಸಬೇಕೋ, ಬೇರೆ ಇಡಬೇಕೋ

ಮಣ್ಣು ಪರೀಕ್ಷೆಯಲ್ಲಿ ಬೆರೆಸುತ್ತೇವೆ. ಎಕರೆಗೆ ಎಂಟು-ಹತ್ತು ಕಡೆ, ಅಂಕುಡೊಂಕಾಗಿ ನಡೆಯುತ್ತಾ, ಮೇಲಿನ ಕಸ ಸರಿಸಿ, ಆರು ಇಂಚು ಆಳಕ್ಕೆ ಇಂಗ್ಲಿಷ್ 'ವಿ' ಅಕ್ಷರದಂತೆ ಗುಂಡಿ ತೆಗೆದು, ಪಕ್ಕದ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದಿಂಚು ದಪ್ಪದ ಪದರ ಕೆತ್ತಿ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ. ಸತು ಲೇಪಿಸಿದ ಬಕೆಟ್ ಬೇಡ, ಸತುವಿನ ಅಂಕಿ ಕೆಡುತ್ತದೆ. ಗೊಬ್ಬರದ ಚೀಲವಂತೂ ಬೇಡವೇ ಬೇಡ. ಬದು, ಮರದ ಬುಡ, ತಿಪ್ಪೆ ಇದ್ದ ಜಾಗ, ಕಾಲುವೆ ಪಕ್ಕ ಬಿಡಿ. ಎಲ್ಲವನ್ನೂ ಶುಭ್ರವಾದ ಬಟ್ಟೆಯ ಮೇಲೆ ಸುರಿದು ಕಲಸಿ, ವೃತ್ತ ಮಾಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಎಸೆಯಿರಿ. ಅರ್ಧ ಕಿಲೋ ಉಳಿಯುವವರೆಗೆ ಇದನ್ನೇ ಮಾಡಿ, ನೆರಳಲ್ಲಿ ಒಣಗಿಸಿ. ಕೈಯಾರೆ ಕಲಕುವುದು ಎಂದರೆ ಇದೇ.

ಆದರೆ ಹೊಲದ ಅರ್ಧಕ್ಕೆ ಹೋದ ವರ್ಷ ಕೆರೆಗೋಡು ಹೊಡೆಸಿದ್ದರೆ ಆ ಭಾಗದ ಮಾದರಿ ಬೇರೆಯೇ ಇರಬೇಕು. ಎರಡನ್ನೂ ಬೆರೆಸಿದರೆ ಬರುವ ಅಂಕಿ ಹೊಲದ ಯಾವ ಭಾಗಕ್ಕೂ ಹೊಂದುವುದಿಲ್ಲ. ಕಣ್ಣಿಗೆ ಕಾಣುವ ವ್ಯತ್ಯಾಸ ಇದ್ದಲ್ಲಿ ಮೊದಲು ಗುಂಪು ಮಾಡಿ, ನಂತರ ಪ್ರತಿ ಗುಂಪಿನೊಳಗೆ ಚೀಟಿ ಎತ್ತಿ.

ಕುಡಿಯುವ ನೀರನ್ನಂತೂ ಎಂದೂ ಬೆರೆಸಬಾರದು. ಮೂರು ಬೋರ್‌ವೆಲ್‌ಗಳ ಫ್ಲೋರೈಡ್ 0.6, 0.8, 2.8 ಇದ್ದರೆ ಸರಾಸರಿ 1.4, ಮಿತಿಯೊಳಗೇ ಇದೆ. ಆದರೆ ಯಾವ ಮಗುವೂ ಸರಾಸರಿಯನ್ನು ಕುಡಿಯುವುದಿಲ್ಲ, ಮೂರನೆಯ ಬೋರಿನ ಕೇರಿಯ ಮಗು 2.8ನ್ನೇ ಕುಡಿಯುತ್ತದೆ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಗಟ್ಟಿಬಂಡೆಯಲ್ಲಿ ನೀರು ಸಿಗುವುದು ಬಿರುಕುಗಳಲ್ಲಿ. ಐವತ್ತು ಅಡಿ ದೂರದ ಎರಡು ಬೋರ್‌ಗಳು ಬೇರೆ ಬೇರೆ ಬಿರುಕಿನಿಂದ ನೀರೆಳೆಯಬಹುದು. ಹಾಗಾಗಿ ಒಂದರ ನೀರು ಚೆನ್ನಾಗಿದೆ ಎಂದು ಪಕ್ಕದ್ದಕ್ಕೂ ಹೇಳುವಂತಿಲ್ಲ. ಊರಲ್ಲಿ ಇರುವುದೇ 12 ಬೋರ್ ಆದರೆ ಮಾದರಿಯ ಮಾತೇ ಬೇಡ, ಹನ್ನೆರಡನ್ನೂ ಪರೀಕ್ಷಿಸಿ. ಮೋಟಾರ್ ಐದು-ಹತ್ತು ನಿಮಿಷ ಓಡಿದ ಮೇಲೆ ಅದೇ ನೀರಿನಲ್ಲಿ ಎರಡು-ಮೂರು ಸಲ ತೊಳೆದ ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ಗಾಜು ಬೇಡ, ಫ್ಲೋರೈಡ್ ಗಾಜಿನೊಡನೆ ವರ್ತಿಸುತ್ತದೆ. ಬೋರಿನ ಗುರುತು, ದಿನಾಂಕ, ಸಮಯವನ್ನು ಬಾಟಲಿಯ ಮೇಲೆ ಅಲ್ಲೇ ಬರೆಯಿರಿ.

ಎಷ್ಟು ಸಾಕು

ಸಾರಿಗೆ ಉಪ್ಪು ಸರಿಯಿದೆಯೇ ನೋಡಲು ಮನೆಯ ಪಾತ್ರೆಗೂ ಒಂದು ಚಮಚ, ಮದುವೆಯ ಕೊಪ್ಪರಿಗೆಗೂ ಒಂದು ಚಮಚ, ಚೆನ್ನಾಗಿ ತಿರುವಿದ್ದರೆ. ಮಾದರಿಯ ಗಾತ್ರವೂ ಹೀಗೆಯೇ. ಒಟ್ಟು ಸಂಖ್ಯೆ ಮಾದರಿಗಿಂತ ಬಹಳ ದೊಡ್ಡದಾಗಿದ್ದರೆ ತಾಲ್ಲೂಕಿಗೂ ಜಿಲ್ಲೆಗೂ ಹೆಚ್ಚುಕಡಿಮೆ ಅಷ್ಟೇ ಮಾದರಿ ಸಾಕು. "ನೂರಕ್ಕೆ ಹತ್ತರಷ್ಟು ನೋಡಬೇಕು" ಎಂಬ ರೂಢಿಯ ಮಾತಿಗೆ ಆಧಾರವಿಲ್ಲ.

ಶೇಕಡಾವಾರು ಅಂಕಿಗೆ ಸುಲಭ ಲೆಕ್ಕವಿದೆ: 1ನ್ನು ಮಾದರಿ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. ಬರುವುದು ತಪ್ಪಿನ ಅಂಚು, ಅಂದರೆ ನಿಜವಾದ ಅಂಕಿ ನಮ್ಮ ಅಂಕಿಯಿಂದ ಎಷ್ಟು ಆಚೀಚೆ ಇರಬಹುದು ಎಂಬುದು. 100 ಮಾದರಿಗೆ ಅದು ಹೆಚ್ಚೆಂದರೆ ಆಚೀಚೆ ಶೇ. 10, 400ಕ್ಕೆ ಶೇ. 5, 1600ಕ್ಕೆ ಶೇ. 2.5. ಅಂಚನ್ನು ಅರ್ಧ ಮಾಡಲು ಕೆಲಸ ನಾಲ್ಕು ಪಟ್ಟಾಗುತ್ತದೆ. ಮೇಲಿನ ಟೊಮೆಟೊದಲ್ಲಿ 204ಕ್ಕೆ 15 ಹಣ್ಣು ಕೆಟ್ಟಿದ್ದರೆ ಶೇ. 7.4. ಅಂಕಿ ಹೀಗೆ ಚಿಕ್ಕದಿದ್ದಾಗ ಅಂಚೂ ಕಿರಿದಾಗುತ್ತದೆ, ಇಲ್ಲಿ ಸುಮಾರು ಶೇ. 3.7. ಅಂದರೆ ಇಡೀ ಲೋಡಿನಲ್ಲಿ ಶೇ. 4ರಿಂದ 11ರೊಳಗೆ ಎನ್ನಬಹುದು.

ಅದಕ್ಕೂ ಮುನ್ನ ಆ 15 ಹಣ್ಣು ಎಲ್ಲಿಂದ ಬಂದವು ನೋಡಿ. 9 ಹಣ್ಣು ಎರಡೇ ಕ್ರೇಟಿನಿಂದ ಬಂದಿದ್ದರೆ, ಲೋಡಿನಲ್ಲಿ ಎರಡು ತೋಟದ ಅಥವಾ ಎರಡು ದಿನದ ಕೊಯ್ಲು ಬೆರೆತಿರಬಹುದು. ಆಗ 204 ಎಂಬ ಸಂಖ್ಯೆಗೆ 204ರ ಬಲ ಇರುವುದಿಲ್ಲ, 17 ಕ್ರೇಟಿನ ಬಲವಷ್ಟೇ ಹತ್ತಿರ, ತಪ್ಪಿನ ಅಂಚೂ ಅಷ್ಟು ಅಗಲವಾಗುತ್ತದೆ. ಶ್ರೀನಿವಾಸಪುರದ ಒಂದೇ ಮಾವಿನ ಮರದ 50 ಕಾಯಿ ಕೊಯ್ದು ನೋಡಿದರೂ ತೋಟದ ಮಟ್ಟಿಗೆ ಅದು ಒಂದು ಮರದ ಸಾಕ್ಷಿ. ಹತ್ತು ಮರದ ಐದೈದು ಕಾಯಿ ಅದಕ್ಕಿಂತ ಎಷ್ಟೋ ಮೇಲು.

ಒಂದೂ ಸಿಗದಿದ್ದಾಗ? "30 ನೋಡಿದೆವು, ಒಂದೂ ಕೆಟ್ಟಿಲ್ಲ" ಎಂದರೆ ಕೆಟ್ಟದ್ದು ಇಲ್ಲವೇ ಇಲ್ಲ ಎಂದಾಗುವುದಿಲ್ಲ. 3ನ್ನು ಮಾದರಿ ಸಂಖ್ಯೆಯಿಂದ ಭಾಗಿಸಿ: 30ಕ್ಕೆ ಶೇ. 10, 60ಕ್ಕೆ ಶೇ. 5, 300ಕ್ಕೆ ಶೇ. 1. ಅಷ್ಟರವರೆಗೂ ಕೆಟ್ಟದ್ದು ಇರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಆರೋಗ್ಯದ ಪ್ರಶ್ನೆಯಲ್ಲಿ ಈ ಲೆಕ್ಕವನ್ನು ದಯವಿಟ್ಟು ಬಿಡಬೇಡಿ.

ಕಾಣದ ಮನೆಗಳನ್ನೂ ತುಂಬಿ

ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, ಅದು ಎದ್ದು ನಿಂತ ಜಾಗದಲ್ಲಿ ಬೋರ್ ಪಾಯಿಂಟ್ ತೋರಿಸುವವರು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಯಲ್ಲಿದ್ದಾರೆ. "ಅವರು ತೋರಿಸಿದ ಕಡೆ ಹದಿನೈದು ಬೋರಲ್ಲಿ ನೀರು ಬಂತು" ಎಂಬ ಮಾತು ಕೇಳಿದರೆ ಒಂದು ಹಾಳೆ ತೆಗೆದು ನಾಲ್ಕು ಮನೆ ಬರೆಯಿರಿ: ತೋರಿಸಿದ ಕಡೆ ನೀರು ಬಂದದ್ದು, ತೋರಿಸಿದ ಕಡೆ ಫೇಲ್ ಆದದ್ದು, ಅವರನ್ನು ಕೇಳದೆ ಕೊರೆಸಿ ನೀರು ಬಂದದ್ದು, ಕೇಳದೆ ಕೊರೆಸಿ ಫೇಲ್ ಆದದ್ದು. ಉದಾಹರಣೆಗೆ 15, 10, 9, 6 ಎಂದಿರಲಿ. ತೋರಿಸಿದ 25ರಲ್ಲಿ 15, ಅಂದರೆ ಶೇ. 60. ಕೇಳದ 15ರಲ್ಲಿ 9, ಅದೂ ಶೇ. 60. ತೆಂಗಿನಕಾಯಿ ಏನನ್ನೂ ಸೇರಿಸಲಿಲ್ಲ.

ಜನ ಹೇಳುವುದು ಮೊದಲನೆಯ ಮನೆಯನ್ನು ಮಾತ್ರ. ಉಳಿದ ಮೂರನ್ನು ಕೇಳಿ ತರಬೇಕು, ಅದು ಸುಲಭವಲ್ಲ. ಫೇಲ್ ಆದ ಬೋರಿನಲ್ಲಿ ಮೋಟಾರ್ ಇರುವುದಿಲ್ಲ, ಬಾಯಿ ಮುಚ್ಚಿರುತ್ತಾರೆ, ಸಾಲದ ನೋವಿರುವುದರಿಂದ ಮನೆಯವರು ಆ ಮಾತನ್ನೇ ಎತ್ತುವುದಿಲ್ಲ. ಓಡಾಡುವಾಗ ಕಣ್ಣಿಗೆ ಬೀಳುವುದು ನೀರು ಹಾಯುತ್ತಿರುವ ಬೋರ್‌ಗಳೇ. ಇನ್ನೊಂದು ಎಚ್ಚರಿಕೆ: "ನೀರು ಬಂತು" ಎಂದರೆ ಏನು ಎಂದು ಎಣಿಸುವ ಮುನ್ನವೇ ಗೊತ್ತುಮಾಡಿ. ಕೊರೆದ ದಿನ ಎರಡಿಂಚು ಬಂದು ಮೊದಲ ಬೇಸಿಗೆಯಲ್ಲೇ ನಿಂತದ್ದು ಯಾವ ಮನೆಗೆ? ಎಣಿಸಿದ ಮೇಲೆ ನಿರ್ಧರಿಸಿದರೆ ಬೇಕಾದ ಮನೆಗೆ ಬೇಕಾದ್ದನ್ನು ಸೇರಿಸಿಬಿಡುತ್ತೇವೆ.

ಉಪಾಧಿ ಹುಡುಕಿ

ನಮ್ಮ ನ್ಯಾಯದರ್ಶನದ ತರ್ಕಪಂಡಿತರು, ಕಂಡದ್ದರಿಂದ ನಿಯಮ ಕಟ್ಟುವ ಈ ಕೆಲಸವನ್ನು ಬಹಳ ಹಿಂದೆಯೇ ಹರಿತಗೊಳಿಸಿದ್ದರು. ಹೊಗೆ ಇರುವಲ್ಲಿ ಬೆಂಕಿ ಇದೆ, ಇದು ನಿಲ್ಲುತ್ತದೆ. ಬೆಂಕಿ ಇರುವಲ್ಲೆಲ್ಲ ಹೊಗೆ ಇದೆ, ಇದು ನಿಲ್ಲುವುದಿಲ್ಲ. ಕಮ್ಮಾರನ ಕುಲುಮೆಯಿಂದ ತೆಗೆದ ಕೆಂಡದಂಥ ಕಬ್ಬಿಣದಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಲು ಹಸಿ ಸೌದೆ ಬೇಕು. ಸಾವಿರ ಒಲೆಗಳಲ್ಲಿ ಬೆಂಕಿ-ಹೊಗೆ ಒಟ್ಟಿಗೆ ಕಂಡಿದ್ದರೂ ಆ ಸಾವಿರದಲ್ಲೂ ಹಸಿ ಸೌದೆ ಇತ್ತು ಎಂಬುದನ್ನು ಗಮನಿಸದಿದ್ದರೆ ನಿಯಮ ತಪ್ಪಾಗುತ್ತದೆ. ಹೀಗೆ ಮರೆಯಲ್ಲಿ ನಿಂತು ಸಂಬಂಧವನ್ನು ನಡೆಸುವುದಕ್ಕೆ ಅವರು ಉಪಾಧಿ ಎಂದರು.

"ಡ್ರಿಪ್ ಹಾಕಿದವರ ಇಳುವರಿ ಹೆಚ್ಚು" ಎಂದು ಮಾದರಿ ಹೇಳಿದರೆ ಹಸಿ ಸೌದೆ ಯಾವುದು ಎಂದು ಕೇಳಿ. ಡ್ರಿಪ್ ಹಾಕಿಸಿದವರ ಬೋರಿನಲ್ಲಿ ನೀರು ಚೆನ್ನಾಗಿರಬಹುದು, ಮಲ್ಚಿಂಗ್ ಶೀಟೂ ಹಾಕಿರಬಹುದು, ಕೈಯಲ್ಲಿ ಬಂಡವಾಳವೂ ಇರಬಹುದು. ಪರೀಕ್ಷೆ ಹೀಗೆ: ನೀರು ಒಂದೇ ಮಟ್ಟದಲ್ಲಿರುವ, ಮಲ್ಚಿಂಗ್ ಇರುವವರನ್ನು ಮಾತ್ರ ತೆಗೆದುಕೊಂಡು, ಅವರೊಳಗೆ ಡ್ರಿಪ್ ಇರುವವರನ್ನೂ ಇಲ್ಲದವರನ್ನೂ ಹೋಲಿಸಿ. ವ್ಯತ್ಯಾಸ ಉಳಿದರೆ ಮಾತಿಗೆ ಬಲ ಬಂತು. ಕರಗಿದರೆ ಡ್ರಿಪ್ಪಿನ ಹೆಸರಿನಲ್ಲಿ ಬೇರೇನನ್ನೋ ಅಳೆದಿದ್ದೇವೆ. ಸಾಧ್ಯವಿದ್ದರೆ ಒಂದೇ ಹೊಲವನ್ನು ಎಂಟು ಪಟ್ಟಿ ಮಾಡಿ, ಯಾವ ನಾಲ್ಕಕ್ಕೆ ಡ್ರಿಪ್ ಎಂದು ಚೀಟಿ ಎತ್ತಿ. ಕಾರಣ ಹುಡುಕಲು ಇದಕ್ಕಿಂತ ನೇರವಾದ ದಾರಿ ಕಡಿಮೆ.

ಪೂರಕ ಸಾಕ್ಷಿ ತಾನಾಗಿ ಕಣ್ಣಿಗೆ ಬೀಳುತ್ತದೆ, ವಿರುದ್ಧ ಸಾಕ್ಷಿಯನ್ನು ಹುಡುಕಿಕೊಂಡೇ ಹೋಗಬೇಕು. ನಿಮ್ಮ ತೀರ್ಮಾನ ಸುಳ್ಳಾಗಿದ್ದರೆ ಅದು ಮೊದಲು ಎಲ್ಲಿ ಕಾಣಿಸುತ್ತಿತ್ತು ಎಂದು ಯೋಚಿಸಿ, ಅಲ್ಲಿಗೇ ಹೋಗಿ ನೋಡಿ.

ತೀರ್ಮಾನ ಬರೆಯುವುದು

ಮೊದಲ ಹಾಳೆಯ ವಾಕ್ಯವನ್ನು ಮತ್ತೆ ತೆಗೆಯಿರಿ. ಉತ್ತರ ಆ ವಾಕ್ಯದ ಗಡಿ ದಾಟಬಾರದು. ಏಪ್ರಿಲ್‌ನಲ್ಲಿ ತೆಗೆದ ನೀರು ಏಪ್ರಿಲ್ ಬಗ್ಗೆ ಹೇಳುತ್ತದೆ. ಮಳೆ ಬಂದು ಕೆರೆ ತುಂಬಿದ ಮೇಲೆ ಅಂತರ್ಜಲದ ಗುಣ ಬದಲಾಗಬಹುದು. ಕೋಲಾರದಲ್ಲಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೆರೆಗಳಿಗೆ ಹರಿಯುತ್ತಿದೆ. ಅಂಥ ಕೆರೆಯ ಕೆಳಗಿನ ಬೋರಿಗೆ ಅದಕ್ಕೂ ಹಿಂದಿನ ವರದಿಯನ್ನು ತೋರಿಸಿ ಮಾತಾಡುವುದು ಸಲ್ಲದು.

ಸಂಖ್ಯೆ, ಆಯ್ಕೆಯ ಕ್ರಮ, ಅಂಚು, ಸಿಗದೆ ಹೋದವು, ಇಷ್ಟೂ ಒಂದೇ ಕಡೆ ಇರಲಿ. ನಮೂನೆ ಹೀಗಿರಬಹುದು: "ಪಟ್ಟಿಯಲ್ಲಿದ್ದ 310 ಬೋರ್‌ವೆಲ್‌ಗಳಲ್ಲಿ 60ನ್ನು ಚೀಟಿಯಿಂದ ಆರಿಸಿದೆವು. 4ರಲ್ಲಿ ಮೋಟಾರ್ ಕೆಟ್ಟಿದ್ದು ನೀರು ಸಿಗಲಿಲ್ಲ, ಬದಲಿಗೆ ಬೇರೆ ತೆಗೆದುಕೊಂಡಿಲ್ಲ. ಉಳಿದ 56ರಲ್ಲಿ 14ರಲ್ಲಿ ಫ್ಲೋರೈಡ್ 1.5 ಮೀರಿದೆ: ಶೇ. 25, ಆಚೀಚೆ ಸುಮಾರು ಶೇ. 12. ಮೀರಿದ 14ರ ಪಟ್ಟಿ ಲಗತ್ತಿಸಿದೆ. ಪರೀಕ್ಷಿಸದ 254ರಲ್ಲಿ ಯಾವುದು ಸುರಕ್ಷಿತ ಎಂದು ಈ ವರದಿ ಹೇಳುವುದಿಲ್ಲ. ಮಳೆಗಾಲ ಮುಗಿದ ಮೇಲೆ ಇದೇ 60ನ್ನು ಮತ್ತೆ ಪರೀಕ್ಷಿಸಲಾಗುವುದು."